ಒಂದೇ ಪಾತ್ರೆಯ ಕೋಳಿಯೂಟ

ಮುಂಬಯಿಯ ಉಪನಗರಗಳಲ್ಲಿ ಭಾನುವಾರ ಬೆಳಿಗ್ಗೆ ಕೋಳಿಯಂಗಡಿಯ ಮುಂದೆ ನಿಲ್ಲುವ ಸಾಲನ್ನು ನೋಡದವರಿಲ್ಲ. ಆರು ದಿನ ರೈಲಿನ ವೇಳೆಗೆ ಬದುಕಿ, ಒಬ್ಬೊಬ್ಬರೂ ಒಂದೊಂದು ಹೊತ್ತಿಗೆ ಉಂಡೆದ್ದ ಸಂಸಾರಕ್ಕೆ ಒಟ್ಟಿಗೆ ಕುಳಿತು ಉಣ್ಣಲು ದೊರೆಯುವುದು ಈ ಒಂದೇ ದಿನ. ಆದರೆ ಆ ದಿನವಾದರೂ ಮನೆಯವರೆಲ್ಲರೂ ಒಟ್ಟಿಗೆ ಉಣ್ಣುತ್ತಾರೆಯೇ?

ನನ್ನ ಬಾಲ್ಯದ ಚಾಳಿನ ಮನೆ ನೆನಪಾಗುತ್ತದೆ. ತೆಂಗಿನಕಾಯಿ ತುರಿದು, ಮಸಾಲೆ ಹುರಿದು ಅರೆದು, ಕೋಳಿಸಾರು ಕುದಿಸಿ, ನೀರುದೋಸೆಗಳನ್ನು ಒಂದೊಂದಾಗಿ ಹುಯ್ದು ಬಡಿಸುತ್ತಿದ್ದ ನಮ್ಮ ತಾಯಿಯವರು ತಾವು ತಟ್ಟೆಯ ಮುಂದೆ ಕೂರುವಾಗ ಮೂರು ಗಂಟೆ ಹೊಡೆದಿರುತ್ತಿತ್ತು. ಪಾತ್ರೆಯ ತಳದಲ್ಲಿ ಕತ್ತಿನ ತುಂಡೊಂದು, ಒಂದಿಷ್ಟು ಸಾರು. “ನನಗೆ ಸಾರೇ ಇಷ್ಟ” ಎನ್ನುತ್ತಿದ್ದರು. ನಾವೂ ನಂಬಿದ್ದೆವು. ಅವರಿಗೆ ರಕ್ತಹೀನತೆಯಿದೆಯೆಂದು ವೈದ್ಯರು ಹೇಳಿದ ದಿನ ಆ ಮಾತಿನ ನಿಜವಾದ ಅರ್ಥ ಹೊಳೆಯಿತು.

ಇದು ಒಂದು ಮನೆಯ ಕಥೆಯಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವರ್ಷದೊಳಗಿನ ಮಹಿಳೆಯರಲ್ಲಿ ಶೇಕಡಾ 57 ಮಂದಿ ರಕ್ತಹೀನರು. ಇದಕ್ಕೆ ಕಾರಣಗಳು ಹಲವು. ಕೋಳಿಮಾಂಸ ಇದರ ಮದ್ದೂ ಅಲ್ಲ. ಅದರಲ್ಲಿರುವ ಕಬ್ಬಿಣಾಂಶ ಸಾಧಾರಣ ಪ್ರಮಾಣದ್ದು. ಆದರೆ ಮಾಂಸದೊಡನೆ ತಿಂದ ತರಕಾರಿ, ಕಾಳುಗಳ ಕಬ್ಬಿಣವನ್ನು ದೇಹ ಹೆಚ್ಚು ಚೆನ್ನಾಗಿ ಹೀರಿಕೊಳ್ಳುತ್ತದೆ; ನಿಂಬೆರಸವೂ ಇದಕ್ಕೆ ಸಹಾಯಕ. ಊಟದ ಜೊತೆಗೇ ಕುಡಿಯುವ ಚಹಾ ಇದಕ್ಕೆ ಅಡ್ಡಿ. ಅಡುಗೆ ಮಾಡಿದವರಿಗೂ ತುಂಡು ಸಿಗಬೇಕು, ಬಿಸಿಯಾಗಿ ಸಿಗಬೇಕು ಎಂಬುದೇ ಈ ಲೇಖನದ ಆಶಯ. ಅದಕ್ಕೆ ಒಂದೇ ಪಾತ್ರೆಯ ಅಡುಗೆ ಸುಲಭೋಪಾಯ.

ಕ್ಯಾಸರೋಲ್ ಎಂದರೆ ನಮ್ಮ ಮನೆಗಳಲ್ಲಿ ಚಪಾತಿಯನ್ನು ಬಿಸಿಯಾಗಿಡುವ ಡಬ್ಬಿಯೆಂದೇ ರೂಢಿ. ಪಾಶ್ಚಾತ್ಯರಿಗೆ ಅದು ಮುಚ್ಚಳವಿರುವ ಆಳವಾದ ಅಡುಗೆಯ ಪಾತ್ರೆ. ಅದರಲ್ಲಿ ಮಾಂಸ, ತರಕಾರಿಗಳನ್ನು ಒಟ್ಟಿಗೆ ನಿಧಾನವಾಗಿ ಬೇಯಿಸಿದ ಅಡುಗೆಗೂ ಅದೇ ಹೆಸರು. ಓವನ್ ಇಲ್ಲದವರು ನಿರಾಶರಾಗಬೇಕಿಲ್ಲ. ದಪ್ಪ ತಳದ ಪಾತ್ರೆ, ಬಿಗಿಯಾದ ಮುಚ್ಚಳ, ಸಣ್ಣ ಉರಿ ಇದ್ದರೆ ಸಾಕು.

ಐದು ಜನರಿಗೆ ಬೇಕಾಗುವ ಸಾಮಗ್ರಿ

ಚರ್ಮ ತೆಗೆದ ಕೋಳಿಮಾಂಸ ಮುಕ್ಕಾಲು ಕಿಲೋ, ಈರುಳ್ಳಿ, ಟೊಮೇಟೊ, ಆಲೂಗಡ್ಡೆ, ಕ್ಯಾರೆಟ್ ತಲಾ 2, ಒಂದು ಹಿಡಿ ಹುರುಳಿಕಾಯಿ, ಮೊಸರು ಅರ್ಧ ಬಟ್ಟಲು, ಅರೆದ ಶುಂಠಿ–ಬೆಳ್ಳುಳ್ಳಿ 2 ಚಹಾ ಚಮಚ, ಕೊತ್ತಂಬರಿ ಪುಡಿ 2 ಚಹಾ ಚಮಚ, ಕಾಳುಮೆಣಸಿನ ಪುಡಿ 1 ಚಹಾ ಚಮಚ, ಅರಿಶಿನ ಅರ್ಧ ಚಹಾ ಚಮಚ, ಉಪ್ಪು 1 ಚಹಾ ಚಮಚ, ಎಣ್ಣೆ 2 ದೊಡ್ಡ ಚಮಚ, ಅರ್ಧ ನಿಂಬೆಹಣ್ಣು, ಕೊತ್ತಂಬರಿ ಸೊಪ್ಪು.

ಮಾಡುವ ವಿಧಾನ

ಮೊದಲು ತರಕಾರಿಗಳನ್ನು ಹೆಚ್ಚಿಟ್ಟುಕೊಳ್ಳಿ. ಬಳಿಕವೇ ಕೋಳಿಮಾಂಸವನ್ನು ಮುಟ್ಟಿ. ಮಾಂಸಕ್ಕೆ ಮೊಸರು, ಶುಂಠಿ–ಬೆಳ್ಳುಳ್ಳಿ, ಪುಡಿಗಳು ಹಾಗೂ ಉಪ್ಪನ್ನು ಸವರಿ, ಮುಚ್ಚಿ, ಅರ್ಧ ಗಂಟೆ ಫ್ರಿಜ್ಜಿನಲ್ಲಿಡಿ. ಎಣ್ಣೆಯಲ್ಲಿ ಈರುಳ್ಳಿ ಮೆತ್ತಗಾದ ಮೇಲೆ ಮಾಂಸ ಹಾಕಿ ಐದಾರು ನಿಮಿಷ ಬಾಡಿಸಿ. ಟೊಮೇಟೊ, ಒಂದು ಲೋಟ ನೀರು ಸೇರಿಸಿ ಮುಚ್ಚಿ. ಸಣ್ಣ ಉರಿಯಲ್ಲಿ 15 ನಿಮಿಷವಾದ ಮೇಲೆ ದಪ್ಪನೆಯ ತರಕಾರಿ ಹೋಳುಗಳನ್ನು ಹಾಕಿ, ಮತ್ತೆ 20–25 ನಿಮಿಷ ಬೇಯಿಸಿ. ಇಳಿಸಿದ ಮೇಲೆ ನಿಂಬೆರಸ ಹಿಂಡಿ, ಸೊಪ್ಪು ಉದುರಿಸಿ. ನಾಟಿಕೋಳಿಯಾದರೆ ಇಷ್ಟು ಹೊತ್ತು ಸಾಲದು. ಮೊದಲು ಮಾಂಸವನ್ನು ಪ್ರೆಶರ್ ಕುಕ್ಕರಿನಲ್ಲಿ ಬೇಯಿಸಿಕೊಳ್ಳಬೇಕು.

ತರಕಾರಿಯಿಂದ ನೀರಿಗಿಳಿದ ಜೀವಸತ್ತ್ವಗಳು ಗೊಜ್ಜಿನಲ್ಲೇ ಉಳಿಯುವುದರಿಂದ ನಷ್ಟ ಕಡಿಮೆ. ಎಲುಬು ಕಳೆದರೆ ಉಳಿಯುವ ಸುಮಾರು ಅರ್ಧ ಕಿಲೋ ಮಾಂಸದಿಂದ ಒಬ್ಬೊಬ್ಬರಿಗೆ 20 ಗ್ರಾಂನಷ್ಟು ಪ್ರೋಟೀನು ದೊರೆಯುತ್ತದೆ. 55 ಕಿಲೋ ತೂಕದ ವಯಸ್ಕರಿಗೆ ದಿನಕ್ಕೆ ಸುಮಾರು 45 ಗ್ರಾಂ ಬೇಕು. ಅಂದರೆ ಅರ್ಧಕ್ಕೆ ಸಮೀಪ. ಉಪ್ಪೂ ತಲೆಗೆ ಸುಮಾರು ಒಂದು ಗ್ರಾಂ ಮಾತ್ರ. ದಿನಕ್ಕೆ 5 ಗ್ರಾಂ ಉಪ್ಪಿನ ಮಿತಿಯನ್ನು ಮೀರಬಾರದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ.

ಗಮನಿಸಬೇಕಾದ ಎಚ್ಚರಿಕೆಗಳು

ಹಸಿ ಕೋಳಿಮಾಂಸವನ್ನು ನಲ್ಲಿಯ ಕೆಳಗೆ ತೊಳೆಯುವುದು ನಮ್ಮೆಲ್ಲರ ಅಭ್ಯಾಸ. ಆದರೆ ಸಿಡಿಯುವ ಹನಿಗಳೊಡನೆ ಸಾಲ್ಮೊನೆಲ್ಲಾ ಮೊದಲಾದ ರೋಗಾಣುಗಳು ಸಿಂಕಿನ ಸುತ್ತಲಿನ ಪಾತ್ರೆ, ಸೊಪ್ಪು, ತರಕಾರಿಗಳಿಗೂ ಹರಡುತ್ತವೆ. ಅವುಗಳನ್ನು ಕೊಲ್ಲುವುದು ಬೆಂಕಿಯೇ ಹೊರತು ನೀರಲ್ಲ. ಮಾಂಸ ಮುಟ್ಟಿದ ಕೈ, ಚಾಕು, ಹಲಗೆಗಳನ್ನು ಸಾಬೂನಿನಿಂದ ತೊಳೆಯಿರಿ. ಮಾಂಸದ ಒಳಭಾಗ 74 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು. ಉಷ್ಣಮಾಪಕವಿಲ್ಲದವರು ದೊಡ್ಡ ತುಂಡೊಂದನ್ನು ಸೀಳಿ, ಗುಲಾಬಿ ಬಣ್ಣ ಉಳಿದಿಲ್ಲವೆಂದು ನೋಡಿಕೊಳ್ಳಲಿ. ಉಳಿದದ್ದನ್ನು ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿ. ಮರುದಿನ ಹಬೆಯಾಡುವಷ್ಟು ಬಿಸಿ ಮಾಡಿಯೇ ಉಣ್ಣಿ.

ಹಲ್ಲಿಲ್ಲದ ಹಿರಿಯರಿಗೆ ಮಾಂಸವನ್ನು ಬಿಡಿಸಿ ಗೊಜ್ಜಿನಲ್ಲಿ ಕಲಸಿ ಕೊಡಬಹುದು. ಎಳೆಯ ಮಕ್ಕಳ ತಟ್ಟೆಯಲ್ಲಿ ಸಣ್ಣ ಎಲುಬುಗಳಿರದಂತೆ ನೋಡಿಕೊಳ್ಳಬೇಕು. ಮೂತ್ರಪಿಂಡದ ಕಾಯಿಲೆಯುಳ್ಳವರು ಪ್ರೋಟೀನಿನ ಪ್ರಮಾಣವನ್ನು ವೈದ್ಯರಿಂದ ಕೇಳಿ ತಿಳಿಯತಕ್ಕದ್ದು. ಸಸ್ಯಾಹಾರಿ ಬಂಧುಗಳು ನೆನೆಸಿ ಬೇಯಿಸಿದ ಕಾಬೂಲಿ ಕಡಲೆ ಅಥವಾ ಅವರೆಕಾಳಿನಿಂದ ಇದೇ ರೀತಿಯ ಅಡುಗೆ ಮಾಡಬಹುದು.

ಕೋರಿರೊಟ್ಟಿಯನ್ನಾಗಲಿ, ಮುದ್ದೆ–ನಾಟಿಕೋಳಿ ಸಾರನ್ನಾಗಲಿ ಬಿಡಬೇಕೆಂದು ಇದರ ಅರ್ಥವಲ್ಲ. ಹಬ್ಬಕ್ಕೆ, ನೆಂಟರಿಗೆ ಅವು ಇದ್ದೇ ಇವೆ. ಈ ಅಡುಗೆಯ ವಿಶೇಷವೆಂದರೆ, ಪಾತ್ರೆ ಮುಚ್ಚಿದ ಮೇಲೆ ಅಡುಗೆಯವರಿಗೂ ಅರ್ಧ ಗಂಟೆ ಬಿಡುವು. ಅಷ್ಟರಲ್ಲಿ ಅನ್ನ ಮಾಡಿದರೆ, ಬೇಕರಿಯ ಪಾವ್ ತಂದಿಟ್ಟರೆ ಊಟ ಸಿದ್ಧ. ಒಲೆಯ ಮುಂದೆ ಯಾರೂ ನಿಲ್ಲಬೇಕಾಗಿಲ್ಲ. ಮನೆಯಲ್ಲಿ ಎಷ್ಟು ಜನರೋ ಅಷ್ಟು ತಟ್ಟೆಗಳನ್ನು ಒಮ್ಮೆಲೇ ಹಾಕಿ, ತುಂಡುಗಳನ್ನು ಸಮನಾಗಿ ಬಡಿಸಬಹುದು.

ನಮ್ಮ ಮನೆಯಲ್ಲಿ ಈಗ ತೊಡೆಯ ತುಂಡು ಮೊದಲು ಬೀಳುವುದು ತಾಯಿಯವರ ತಟ್ಟೆಗೆ. “ನನಗೇಕಪ್ಪಾ ಇದು, ಮಕ್ಕಳಿಗೆ ಹಾಕು” ಎಂದು ಅವರು ಇಂದಿಗೂ ಹೇಳುತ್ತಾರೆ. ಆದರೆ ತುಂಡನ್ನು ತಟ್ಟೆಯಲ್ಲಿ ಉಳಿಸುವುದಿಲ್ಲ.