ಒದ್ದೆ ಮತ್ತು ತೇವ

ಕನ್ನಡದಲ್ಲಿ ‘ಒದ್ದೆ’ ಎಂಬ ಮಾತಿದೆ, ‘ತೇವ’ ಎಂಬ ಮಾತೂ ಇದೆ. ಎರಡೂ ಒಂದೇ ಎಂದು ಬಹುಕಾಲ ತರಗತಿಯಲ್ಲಿ ಹೇಳಿದವನು ನಾನು. ಇವುಗಳ ಅಂತರವನ್ನು ನನಗೆ ತಿಳಿಸಿಕೊಟ್ಟದ್ದು ಕೊಡಗಿನ ಮಳೆ. ಆ ಪಾಠಕ್ಕೆ ನಾನು ತೆತ್ತ ಶುಲ್ಕ ಒಂದು ಜಗಲಿ.

ನಿವೃತ್ತನಾದ ಮೇಲೆ ಮಡಿಕೇರಿಯ ಸಮೀಪದಲ್ಲಿ ಸಣ್ಣದೊಂದು ಮನೆ ಕಟ್ಟಿಸಿದೆ. ಬೆಟ್ಟದ ನೋಟ ಸಿಗಲೆಂದು, ಸೂರಿನಿಂದ ಆಚೆಗೆ ಚಾಚಿದ ಮರದ ಜಗಲಿಯೊಂದನ್ನು ಮಾಡಿಸಿದೆ. ಹಲಗೆಗಳ ನಡುವೆ ಸಂದಿರಬಾರದೆಂದು ನಾನೇ ಹಟ ಹಿಡಿದೆ. ಮೇಲೆ ದಪ್ಪನಾಗಿ ಬಣ್ಣ ಬಳಿಸಿದೆ. ಕಂಬಗಳನ್ನು ನೆಲದಲ್ಲಿ ಹೂಳಿಸಿ ಸುತ್ತಲೂ ಕಾಂಕ್ರೀಟು ತುಂಬಿಸಿದೆ. ನಾಲ್ಕನೆಯ ಮಳೆಗಾಲದ ಒಂದು ಬೆಳಿಗ್ಗೆ, ಕಾಫಿಯ ಲೋಟ ಕೈಯಲ್ಲಿರುವಂತೆಯೇ, ಹಲಗೆ ಮುರಿದು ನನ್ನ ಕಾಲು ಮೊಣಕಾಲಿನವರೆಗೆ ಕೆಳಗಿಳಿಯಿತು.

ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುತ್ತದೆ. ಭಾಗಮಂಡಲದ ಕಡೆ ಇನ್ನೂ ಹೆಚ್ಚು. ಅದರ ಬಹುಪಾಲು ಸುರಿಯುವುದು ಜೂನಿನಿಂದ ಸೆಪ್ಟೆಂಬರಿನವರೆಗೆ. ಇಂಥ ನಾಡಿನಲ್ಲಿ ಮರ ನೆನೆಯದಂತೆ ಮಾಡುತ್ತೇನೆಂಬುದು ದುಸ್ಸಾಹಸ. ಮರವನ್ನು ಕೊಳೆಯಿಸುವ ಶಿಲೀಂಧ್ರಕ್ಕೆ ಬೇಕಾದದ್ದು ಒಳಗೆ ನಿಂತ ನೀರು. ಮರದ ಒಣತೂಕದ ಶೇಕಡಾ 20ಕ್ಕಿಂತ ಕಡಿಮೆ ನೀರಿದ್ದಲ್ಲಿ ಅದು ಬೆಳೆಯಲಾರದು. ನೆನೆದು ಬೇಗನೆ ಒಣಗಿದ ಹಲಗೆ ಬರಿಯ ಒದ್ದೆಯಾದದ್ದು. ಬಣ್ಣದ ಬಿರುಕಿನಿಂದ ಒಳಹೊಕ್ಕು ಹೊರಬರಲು ದಾರಿ ಕಾಣದ ನೀರು ತೇವ. ನಾನು ಬಳಿಸಿದ ಬಣ್ಣ ನೀರನ್ನು ತಡೆಯಲಿಲ್ಲ, ಸೆರೆಯಿಟ್ಟಿತು.

ಜಗಲಿ ಮುರಿದ ವರ್ಷವೇ ಸ್ನೇಹಿತರೊಬ್ಬರ ಐನ್‌ಮನೆಗೆ ಹೋಗಿದ್ದೆ. ನೂರು ವರ್ಷ ದಾಟಿದ ಮನೆ ಅದು. ಅಲ್ಲಿ ಜಗಲಿಗೆ ಕೈಯಾಲೆ ಎಂದು ಹೆಸರು. ಕಂಬಗಳ ನಡುವೆ ಕೂರಲು ಹಾಸಿದ ದಪ್ಪ ಹಲಗೆಯೇ ಐಮರ. ಎಷ್ಟೋ ತಲೆಮಾರಿನವರು ಕುಳಿತು ನುಣುಪಾದ ಆ ಐಮರ ಇಂದಿಗೂ ಗಟ್ಟಿಯಾಗಿದೆ. ಮರ ಉತ್ತಮವಾದದ್ದೆಂಬುದು ನಿಜ: ಮರದ ಹೊರಸುತ್ತಿನ ಬಿಳಿಯ ಭಾಗವನ್ನು ಕಳೆದು ಚೇಗನ್ನು ಮಾತ್ರ ಉಳಿಸಿಕೊಂಡಿದ್ದಾರೆ. ಯಾವ ಜಾತಿಯ ಮರವಾದರೂ ಆ ಬಿಳಿಯ ಭಾಗಕ್ಕೆ ಬಾಳಿಕೆಯಿಲ್ಲ. ಆದರೆ ಮರಕ್ಕಿಂತ ಅದನ್ನು ಇಟ್ಟ ರೀತಿ ದೊಡ್ಡದು. ಮಾಡಿನ ಸೂರು ಅಂಗಳದತ್ತ ಬಹಳ ಮುಂದಕ್ಕೆ ಇಳಿದಿದೆ. ಕಂಬ ಮಣ್ಣನ್ನು ಮುಟ್ಟದೆ ಅಡಿಗಲ್ಲಿನ ಮೇಲೆ ನಿಂತಿದೆ. ಅಡ್ಡ ಕೊಯ್ದ ತುದಿಯಿಂದಲೇ ಮರ ಅತಿ ಬೇಗ ನೀರು ಕುಡಿಯುವುದರಿಂದ, ಕಂಬದ ಬುಡಕ್ಕೆ ಕಲ್ಲು ಪಾದರಕ್ಷೆಯಂತೆ. ನಾನು ನನ್ನ ಕಂಬಗಳನ್ನು ಕಾಂಕ್ರೀಟಿನ ಬಟ್ಟಲಿನಲ್ಲಿ ನಿಲ್ಲಿಸಿ ನೀರುಣಿಸಿದ್ದೆ!

ಜಗಲಿ ಹೋದರೆ ಹೋಯಿತು. ಕಣಜ ಹೋದರೆ ಊಟವೇ ಹೋದಂತೆ. ಪುತ್ತರಿಯ ಹೊತ್ತಿಗೆ ಕೊಯ್ದ ಬತ್ತ ಕಕ್ಕಡದ ಜಡಿಮಳೆಯನ್ನು ದಾಟಿ ಮುಂದಿನ ಕೊಯ್ಲಿನವರೆಗೆ ಕೆಡದೆ ಉಳಿಯಬೇಕಾಗಿತ್ತು. ನಾನು ಕಂಡ ಹಳೆಯ ಕಣಜಗಳ ತಳ ನೆಲಕ್ಕೆ ತಾಗುವುದಿಲ್ಲ. ಅಡಿಯಲ್ಲಿ ಗಾಳಿ ಸುಳಿಯುತ್ತದೆ, ಗೆದ್ದಲು ಹತ್ತಿದರೆ ಕಣ್ಣಿಗೆ ಬೀಳುತ್ತದೆ. ಇಂದಿಗೂ ಕಾಫಿಯ ಮೂಟೆಗಳನ್ನು ಹಲಗೆಯ ಮೇಲೆ, ಗೋಡೆಗೆ ತಾಗದಂತೆ ಪೇರಿಸುವುದು ಇದೇ ವಿವೇಕದಿಂದ.

ಕೊಟ್ಟಿಗೆಯ ಕಥೆ ಬೇರೆ. ಅಲ್ಲಿ ನೀರು ಒಳಗಿನಿಂದಲೇ ಹುಟ್ಟುತ್ತದೆ: ದನಗಳ ಉಸಿರು, ಗಂಜಲ, ಹಸಿ ಸೊಪ್ಪು. ಹಿಂದೆ ಹುಲ್ಲಿನ ಮಾಡಿತ್ತು. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಬಳಿಕ ಕ್ರಮೇಣ ಹೆಂಚು ಬಂತು. ಎರಡರ ಸಂದಿನಲ್ಲೂ ಆವಿ ಹೊರಗೆ ಹೋಗುತ್ತಿತ್ತು. ಈಗಿನ ತಗಡಿನ ಮಾಡಿನಲ್ಲಿ, ಗಾಳಿಗೆ ದಾರಿ ಬಿಡದಿದ್ದರೆ, ಚಳಿಯ ರಾತ್ರಿ ಆವಿ ತಗಡಿನ ಅಡಿಯಲ್ಲೇ ಹನಿಗಟ್ಟಿ ತೊಲೆಗಳ ಮೇಲೆ ತೊಟ್ಟಿಕ್ಕುತ್ತದೆ. ಹೊರಗೆ ಮಳೆ ನಿಂತರೂ ಒಳಗೆ ನಿಲ್ಲದು.

ಇನ್ನೊಂದು ಮಾತು. ಬರೆಯನ್ನು ಕಡಿದು ಅದಕ್ಕೆ ಒತ್ತಿ ಕಟ್ಟಿದ ಗೋಡೆ ವರ್ಷವಿಡೀ ಬೆವರುತ್ತದೆ. ಕಡಿದ ಬರೆ ಇನ್ನೇನು ಮಾಡಬಲ್ಲದೆಂಬುದನ್ನು 2018ರ ಆಗಸ್ಟಿನಲ್ಲಿ ಕೊಡಗು ಕಂಡಿದೆ. ಅದನ್ನು ಇಲ್ಲಿ ವಿವರಿಸಲಾರೆ.

ನನ್ನ ಜಗಲಿಯನ್ನು ಮತ್ತೆ ಕಟ್ಟಿದವರು ಒಬ್ಬ ವೃದ್ಧ ಬಡಗಿ. ಹಲಗೆಗಳ ನಡುವೆ ಕಿರುಬೆರಳಿನಷ್ಟು ಸಂದು ಬಿಟ್ಟರು. ನಾನು ಆಕ್ಷೇಪಿಸಿದಾಗ, “ಮೇಷ್ಟ್ರೇ, ಮರ ನೆನೆಯಲಿ ಬಿಡಿ, ಅದಕ್ಕೆ ಒಣಗಲು ಜಾಗ ಕೊಡಿ” ಎಂದರು. ಬಣ್ಣ ಬೇಡವೆಂದು ಎಣ್ಣೆ ಹಚ್ಚಿದರು. ಅದನ್ನು ಪ್ರತಿವರ್ಷ ಬೇಸಗೆಯಲ್ಲಿ ನಾನೇ ಹಚ್ಚುತ್ತೇನೆ. ಕಂಬಗಳು ಕಲ್ಲನ್ನೇರಿದವು. ಹೆಂಚಿನ ಮಾಡು ಮುಂದಕ್ಕೆ ಇಳಿದು ಬೆಟ್ಟದ ನೋಟ ಅರ್ಧದಷ್ಟು ಮರೆಯಾಯಿತು. ಮಳೆಗಾಲದಲ್ಲಿ ಹೇಗೂ ಮಂಜು ಮುಸುಕಿ ಬೆಟ್ಟ ಕಾಣುವುದಿಲ್ಲ.