ಹಸಿದಾಗಲೇ ಶೋಧನೆ ಏಕೆ?

ಪ್ರಶ್ನೆ: ಉಪವಾಸವಿದ್ದಷ್ಟೂ ತಿನ್ನುವ ಆಸೆ ಹೆಚ್ಚುತ್ತದೆ. ಹಾಗಿದ್ದೂ ಶೋಧನೆಯನ್ನು ಗೆಲ್ಲಲು ಕ್ರೈಸ್ತರು ಉಪವಾಸವನ್ನೇ ಹಿಡಿದದ್ದೇಕೆ? (ಸ್ವಾರಗೇಟ, ಪುಣೆ)

ಉತ್ತರ: ನಿಮ್ಮ ಅನುಮಾನಕ್ಕೆ ಸುವಾರ್ತೆಯಲ್ಲೇ ಆಧಾರವಿದೆ. ಮತ್ತಾಯನ 4ನೇ ಅಧ್ಯಾಯದಲ್ಲಿ ಯೇಸು 40 ದಿನ ಉಪವಾಸವಿದ್ದು ಹಸಿದ ಮೇಲೆಯೇ ಕಲ್ಲನ್ನು ರೊಟ್ಟಿ ಮಾಡೆಂಬ ಶೋಧನೆ ಬರುತ್ತದೆ. ಉಪವಾಸದಿಂದ ಆಸೆ ಅಳಿಯುತ್ತದೆಂದು ಅಲ್ಲಿ ಎಲ್ಲೂ ಹೇಳಿಲ್ಲ. ಹೊಟ್ಟೆ ತುಂಬಿದಾಗ ಅಡಗಿದ್ದ ಆಸೆ ಹಸಿದಾಗ ಎದುರು ನಿಲ್ಲುತ್ತದೆ. ಅದಕ್ಕೆ ‘ಬೇಡ’ ಎನ್ನುವ ಅಭ್ಯಾಸ ಆಗಲೇ ಸಾಧ್ಯ. ಅನ್ನ ಪಾಪವಲ್ಲ. ಪಾಪವಲ್ಲದ್ದನ್ನೂ ಕೆಲಕಾಲ ಬಿಡಬಲ್ಲವರಿಗೆ ಪಾಪವನ್ನು ಬಿಡುವ ಬಲ ಕೂಡಿಬರುತ್ತದೆ ಎಂಬುದೇ ಇದರ ತರ್ಕ, ನನಗೂ ಅದು ನಿಜವೆನಿಸುತ್ತದೆ. ನಿಮ್ಮ ಸಮೀಪದ ನಾನಾ ಪೇಠೆಯ ಸಿಟಿ ಚರ್ಚಿಗೂ ಮಂಗಳೂರಿನ ಇಗರ್ಜಿಗಳಿಗೂ ಅನ್ವಯಿಸುವ ಕಥೋಲಿಕ ನಿಯಮದಲ್ಲಿ ಕಡ್ಡಾಯ ಉಪವಾಸ ವರ್ಷಕ್ಕೆ ಎರಡೇ ದಿನ: ಬೂದಿ ಬುಧವಾರ, ಶುಭ ಶುಕ್ರವಾರ. ಅಂದೂ ಒಂದು ಪೂರ್ಣ ಊಟ ಉಂಟು.

ಬೈಬಲ್ ವಿಧಿಸದ್ದನ್ನು ಸಭೆ ಕಡ್ಡಾಯ ಮಾಡಬಹುದೇ ಎಂಬ ಆಕ್ಷೇಪ ಹಳೆಯದು. 1522ರಲ್ಲಿ ಜೂರಿಕ್‌ನ ಮುದ್ರಕ ಫ್ರೋಷವರ್ ಮನೆಯಲ್ಲಿ, ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳಾದ ತಪಸ್ಸುಕಾಲದಲ್ಲೇ ಮಾಂಸ ತಿಂದವರ ಪರವಾಗಿ ಧರ್ಮಸುಧಾರಕ ಜ್ವಿಂಗ್ಲಿ ವಾದಿಸಿದ. ಅವನ ವಿರೋಧ ಒತ್ತಾಯಕ್ಕೆ. ಸ್ವಇಚ್ಛೆಯಿಂದ ಉಪವಾಸ ಮಾಡುವವರನ್ನು ಅವನು ತಡೆಯಲಿಲ್ಲ. ಇನ್ನು ಹಸಿವು ಬರೀ ಸ್ವಂತ ಸಾಧನೆಯಾಗಿ ಉಳಿದರೆ ಅಹಂಕಾರವೇ ಹೊಸ ಶೋಧನೆ. ಅದಕ್ಕೇ ಯೆಶಾಯನ 58ನೇ ಅಧ್ಯಾಯ ಹಸಿದವರಿಗೆ ಅನ್ನ ಹಂಚುವುದನ್ನೇ ದೇವರು ಮೆಚ್ಚುವ ಉಪವಾಸವೆನ್ನುತ್ತದೆ.