ಹೊಳೆ ಕೂಡಿಸಿದ ಊರು: ಹರಿಹರ

ಪಶ್ಚಿಮ ಘಟ್ಟದ ಒಂದೇ ಮಡಿಲಲ್ಲಿ ಹುಟ್ಟಿ, ಹುಟ್ಟಿದ ಕೂಡಲೇ ಮುನಿಸಿಕೊಂಡವರಂತೆ ಬೇರೆ ಬೇರೆ ದಾರಿ ಹಿಡಿಯುವ ತುಂಗೆಯೂ ಭದ್ರೆಯೂ ಶಿವಮೊಗ್ಗದ ಸಮೀಪದ ಕೂಡಲಿಯಲ್ಲಿ ಮತ್ತೆ ಒಂದಾಗುತ್ತವೆ. ಅಲ್ಲಿಂದ ಮುಂದೆ ಮಲೆನಾಡಿನ ಕಣಿವೆಗಳನ್ನೂ ಕಾಡುಗಳನ್ನೂ ಹಿಂದೆ ಬಿಟ್ಟು, ಹೊನ್ನಾಳಿಯನ್ನು ಹಾದು, ತುಂಗಭದ್ರೆ ಬಯಲುಸೀಮೆಯ ಕಪ್ಪು ನೆಲಕ್ಕೆ ಇಳಿಯುತ್ತಾಳೆ. ಈಗ ಅವಳದು ಕಿರಿಯಳ ಚೆಲ್ಲಾಟವಲ್ಲ; ಗೃಹಿಣಿಯ ಗಾಂಭೀರ್ಯ. ಎತ್ತರವಾದ ಮಣ್ಣಿನ ದಂಡೆಗಳ ನಡುವೆ ಅಗಲವಾಗಿ ಹರಿಯುವ ಆ ಹೊಳೆಯ ಬಲದಂಡೆಯಲ್ಲಿ ಹರಿಹರ ಪಟ್ಟಣವಿದೆ.

ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೋಗುವ ರೈಲಿನಲ್ಲಿ ಕುಳಿತವರಿಗೆ ಹರಿಹರವೆಂದರೆ ಸೇತುವೆಯ ಸದ್ದು. ದಾವಣಗೆರೆ ದಾಟಿ ಸ್ವಲ್ಪ ಹೊತ್ತಿಗೆ ಗಾಡಿಯ ಗಾಲಿಗಳ ದನಿ ಬದಲಾಗುತ್ತದೆ. ಮಲಗಿದ್ದ ಮಕ್ಕಳು ಎದ್ದು ಕಿಟಕಿಗೆ ಮುಗಿಬೀಳುತ್ತಾರೆ. ಹಿರಿಯರು ಹೊಳೆಗೆ ಕೈಮುಗಿಯುತ್ತಾರೆ. ಒಂದೆರಡು ನಿಮಿಷಗಳಲ್ಲಿ ಎಲ್ಲ ಮುಗಿದು, ಗಾಡಿ ರಾಣೆಬೆನ್ನೂರಿನ ಹೊಲಗಳ ನಡುವೆ ಓಡುತ್ತಿರುತ್ತದೆ. ಹೀಗೆ ಹಾದುಹೋಗುವವರ ಪಾಲಿಗೆ ಹರಿಹರ ದಾಟಿ ಹೋಗುವ ಊರು. ಆದರೆ ಇಳಿದು ನೋಡಿದವರಿಗೆ ಅದು ಕೂಡುವ ಊರು. ನದಿಗೆ ನದಿ, ದೇವರಿಗೆ ದೇವರು, ದಂಡೆಗೆ ದಂಡೆ, ನಾಡಿಗೆ ನಾಡು ಕೂಡಿದ ಕಥೆಯೇ ಈ ಊರಿನ ಇತಿಹಾಸ.

ಕೂಡಲೂರಿನ ದೇವರು

ಊರಿನ ಹಳೆಯ ಹೆಸರು ಕೂಡಲೂರು. ಸೂಳೆಕೆರೆಯ ನೀರನ್ನು ಹೊತ್ತು ತರುವ ಹರಿದ್ರಾ ಎಂಬ ಹಳ್ಳ ಇಲ್ಲಿಗೆ ಬಂದು ತುಂಗಭದ್ರೆಯನ್ನು ಸೇರುತ್ತದೆ. ಹೊಳೆಗಳು ಕೂಡುವ ಸ್ಥಳವಾದುದರಿಂದ ಈ ಹೆಸರು. ಪುರಾಣದ ಭಾಷೆಯಲ್ಲಿ ಇದು ಗುಹಾರಣ್ಯ ಕ್ಷೇತ್ರ. ಗುಹಾಸುರನೆಂಬ ದೈತ್ಯನು ಹರಿಯಿಂದಲೂ ಹರನಿಂದಲೂ ತನಗೆ ಸಾವು ಬಾರದಂತೆ ಬ್ರಹ್ಮನಿಂದ ವರ ಪಡೆದು, ಮೂಡಲ ಉಚ್ಚಂಗಿ ದುರ್ಗದವರೆಗೂ ತನ್ನ ಹಾವಳಿಯನ್ನು ಹಬ್ಬಿಸಿದನಂತೆ. ವರ ಕೊಟ್ಟಾಗಿದೆ, ತಪ್ಪುವಂತಿಲ್ಲ. ಅಸುರನನ್ನು ಬಿಡುವಂತೆಯೂ ಇಲ್ಲ. ಆಗ ಇಬ್ಬರು ದೇವರೂ ಒಂದೇ ಶರೀರವಾಗಿ ಬಂದು ಅವನನ್ನು ಕೊಂದರು. ಹರಿಯೂ ಅಲ್ಲದ, ಹರನೂ ಅಲ್ಲದ, ಎರಡೂ ಆದ ಆ ರೂಪವೇ ಹರಿಹರೇಶ್ವರ.

ಗರ್ಭಗುಡಿಯಲ್ಲಿ ನಿಂತಿರುವ ಮೂರ್ತಿಯ ಬಲಭಾಗ ಶಿವನದು, ಎಡಭಾಗ ವಿಷ್ಣುವಿನದು. ಒಂದೇ ಕಲ್ಲಿನಲ್ಲಿ, ಒಂದೇ ಮುಖದಲ್ಲಿ, ನಡುವೆ ಗೆರೆ ಎಳೆಯದೆ ಶಿಲ್ಪಿ ಇಬ್ಬರನ್ನೂ ತೋರಿಸಿದ್ದಾನೆ. ಶೈವರಿಗೂ ವೈಷ್ಣವರಿಗೂ ವಾಗ್ವಾದಗಳು ನಡೆಯುತ್ತಿದ್ದ ಕಾಲದಲ್ಲಿ ಹುಟ್ಟಿದ ಈ ಮೂರ್ತಿಯ ಮುಂದೆ ನಿಂತು ಯಾರು ಯಾರಿಗೆ ಹೆಚ್ಚೆಂದು ವಾದಿಸುವುದು ಕಷ್ಟ.

ಈಗಿನ ದೇವಾಲಯವನ್ನು ಕಟ್ಟಿಸಿದವನು ಹೊಯ್ಸಳ ಚಕ್ರವರ್ತಿ ಇಮ್ಮಡಿ ನರಸಿಂಹನ ಮಂತ್ರಿಯೂ ದಂಡನಾಯಕನೂ ಆಗಿದ್ದ ಪೋಲಾಳ್ವ. ಕಾಲ ಕ್ರಿ.ಶ. ೧೨೨೪ರ ಸುಮಾರು. ಮುಂದೆ ೧೨೬೮ರಲ್ಲಿ ಮುಮ್ಮಡಿ ನರಸಿಂಹನ ದಂಡನಾಯಕ ಸೋಮನು ಇದಕ್ಕೆ ಕೆಲವು ಭಾಗಗಳನ್ನು ಸೇರಿಸಿದ. ಮೈಸೂರು ಸೀಮೆಯ ಸೋಮನಾಥಪುರದಲ್ಲಿ ಜಗತ್ಪ್ರಸಿದ್ಧವಾದ ಕೇಶವ ದೇವಾಲಯವನ್ನು ಕಟ್ಟಿಸಿದವನೂ ಇದೇ ಸೋಮನೇ. ಆದರೆ ಬೇಲೂರು, ಹಳೇಬೀಡು, ಸೋಮನಾಥಪುರಗಳನ್ನು ಕಂಡ ಕಣ್ಣಿಗೆ ಹರಿಹರದ ಗುಡಿ ಮೊದಲ ನೋಟಕ್ಕೆ ಸರಳವೆನಿಸೀತು. ಗೋಡೆಯ ತುಂಬ ವಿಗ್ರಹಗಳ ಸಾಲಿಲ್ಲ. ಆನೆ ಕುದುರೆಗಳ ಪಟ್ಟಿಕೆಗಳಿಲ್ಲ. ಇಲ್ಲಿಯ ಸೊಬಗು ಇರುವುದು ವಿಶಾಲವಾದ ತೆರೆದ ಮಂಟಪದಲ್ಲಿ, ಅದನ್ನು ಹೊತ್ತು ನಿಂತ ಕಂಬಗಳಲ್ಲಿ. ತಿರುಗಣೆಗೆ ಕಟ್ಟಿ ಕಡೆದ ಆ ದುಂಡು ಕಂಬಗಳ ಬಳೆಬಳೆಯಾದ ಸುತ್ತುಗಳ ಮೇಲೆ ಬೆಳಕು ಇಂದಿಗೂ ಜಾರಿ ಬೀಳುತ್ತದೆ. ಆವರಣದಲ್ಲಿ ನಿಂತ ಶಾಸನದ ಕಲ್ಲುಗಳು ಕನ್ನಡ ಓದಬಲ್ಲವರನ್ನು ಗಂಟೆಗಟ್ಟಲೆ ಹಿಡಿದು ನಿಲ್ಲಿಸುತ್ತವೆ.

ನೀರಿನ ಲೆಕ್ಕ

ಆ ಶಾಸನಗಳಲ್ಲಿ ಯುದ್ಧದ ಮಾತು, ಬಿರುದುಗಳ ಸರಮಾಲೆ ಇದ್ದೇ ಇವೆ. ಇಂದಿನ ಓದುಗನಿಗೆ ಅವಕ್ಕಿಂತ ಹತ್ತಿರವಾದ ಸಂಗತಿ ಒಂದುಂಟು. ಅದು ನೀರಿನ ಲೆಕ್ಕ. ವಿಜಯನಗರದ ಒಂದನೆಯ ದೇವರಾಯನ ಕಾಲದಲ್ಲಿ, ೧೪೧೦ರಲ್ಲಿ, ಹರಿದ್ರಾ ಹೊಳೆಗೆ ಅಡ್ಡಲಾಗಿ ಅಣೆ ಕಟ್ಟಿ, ದೇವರ ಭೂಮಿಗಳ ಮೂಲಕ ಹರಿಹರದವರೆಗೆ ಕಾಲುವೆ ತೆಗೆಯಲಾಯಿತು. ಕಾಲುವೆ ತೋಡಿಸಿದವರು ಊರಿನ ಬ್ರಾಹ್ಮಣರು, ಭೂಮಿ ದೇವರದು. ಹಾಗಾದರೆ ನೀರುಂಡ ನೆಲದ ಫಲ ಯಾರಿಗೆ? ಮೂರರಲ್ಲಿ ಎರಡು ಪಾಲು ದೇವರಿಗೆ, ಒಂದು ಪಾಲು ಕಾಲುವೆ ತೋಡಿಸಿದವರಿಗೆ ಎಂದು ಒಪ್ಪಂದವಾಯಿತು. ಆ ಒಪ್ಪಂದವನ್ನು ಕಲ್ಲಿನಲ್ಲಿ ಬರೆದಿಟ್ಟರು.

ಕಲ್ಲಿನ ಮೇಲಣ ಬರೆಹ ಉಳಿಯಿತು; ಅಣೆ ಉಳಿಯಲಿಲ್ಲ. ೧೪೨೪ರ ಹೊತ್ತಿಗೆ ಅದು ಒಡೆದುಹೋಗಿತ್ತು. ಮತ್ತೆ ಹಣ ಕೂಡಿಸಿ, ಅಧಿಕಾರಿಗಳ ಮನವೊಲಿಸಿ ಅದನ್ನು ಜೀರ್ಣೋದ್ಧಾರ ಮಾಡಬೇಕಾಯಿತು. ಕಟ್ಟುವುದು, ಒಡೆಯುವುದು, ಮತ್ತೆ ಕಟ್ಟುವುದು ಹೊಳೆಯ ಪಕ್ಕದ ಬಾಳಿನ ನಿಯಮವೇ ಸರಿ. ಈಗ ಈ ತಾಲ್ಲೂಕಿನ ಗದ್ದೆಗಳಿಗೆ ಲಕ್ಕವಳ್ಳಿಯ ಭದ್ರಾ ಜಲಾಶಯದ ಕಾಲುವೆಗಳು ನೀರು ತರುತ್ತವೆ. ಮಲೇಬೆನ್ನೂರಿನ ಕಡೆಯ ಬತ್ತದ ಬಯಲುಗಳು ಆ ನೀರಿನ ಕೊಡುಗೆ. ಆದರೆ ಕಾಲುವೆಯ ಕೊನೆಯಲ್ಲಿರುವ ರೈತನು, ಮೇಲಿನವರು ಬಿಟ್ಟ ಮೇಲೆ ತನ್ನ ಪಾಲಿಗೆಷ್ಟು ಎಂಬ ಚಿಂತೆಯಲ್ಲಿಯೇ ಪ್ರತಿ ಬೇಸಗೆಯನ್ನೂ ಕಳೆಯುತ್ತಾನೆ. ಆರುನೂರು ವರ್ಷಗಳ ಹಿಂದೆ ಕಲ್ಲಿನಲ್ಲಿ ಕೆತ್ತಿದ ಪ್ರಶ್ನೆ ಇನ್ನೂ ಹಸಿಯಾಗಿಯೇ ಇದೆ.

ದಾಟುವ ಸಾಹಸ

ಸೇತುವೆ ಇಲ್ಲದ ಕಾಲದಲ್ಲಿ ಹರಿಹರದ ಮಹತ್ವವೆಲ್ಲ ಅದರ ಕಡವಿನಲ್ಲಿತ್ತು. ಕಡವನ್ನು ಹಿಡಿದವನು ದಾರಿಯನ್ನು ಹಿಡಿದಂತೆ. ಆದುದರಿಂದಲೇ ವಿಜಯನಗರದ ಪತನಾನಂತರ ಊರು ಕೈಯಿಂದ ಕೈಗೆ ಸಾಗಿತು: ತರೀಕೆರೆಯ ಪಾಳೆಯಗಾರರು ಕೋಟೆ ಕಟ್ಟಿದರು, ಸವಣೂರಿನ ನವಾಬರು ಗೆದ್ದುಕೊಂಡರು, ಬಳಿಕ ಅದು ಬಿದನೂರಿನ ಅರಸರ ವಶವಾಯಿತು, ಮರಾಠರು ಬಂದರು, ೧೭೬೩ರಲ್ಲಿ ಹೈದರಾಲಿ ಹಿಡಿದ.

೧೮೦೦ನೆಯ ಇಸವಿಯ ಜೂನ್ ತಿಂಗಳಿನಲ್ಲಿ ಈ ದಂಡೆಯ ಮೇಲೆ ಬೀಡುಬಿಟ್ಟಿದ್ದವನು, ಮುಂದೆ ವಾಟರ್ಲೂ ಯುದ್ಧದಲ್ಲಿ ನೆಪೋಲಿಯನ್ನನನ್ನು ಸೋಲಿಸಿ ಡ್ಯೂಕ್ ಆಫ್ ವೆಲಿಂಗ್ಟನ್ ಎಂದು ಹೆಸರಾದ ಆರ್ಥರ್ ವೆಲ್ಲೆಸ್ಲಿ. ಅವನು ಬೆನ್ನಟ್ಟಿ ಬಂದದ್ದು ಚನ್ನಗಿರಿಯ ಧೋಂಡಿಯಾ ವಾಘನನ್ನು. ಶ್ರೀರಂಗಪಟ್ಟಣದ ಸೆರೆಯಿಂದ ಬಿಡುಗಡೆ ಹೊಂದಿ, ಉಭಯ ಲೋಕಗಳ ಒಡೆಯನೆಂದು ಬಿರುದು ಧರಿಸಿ, ಇಂಗ್ಲಿಷರಿಗೆ ಸವಾಲು ಹಾಕಿದ ಧೀರನವನು. ಮುಂಗಾರಿಗೆ ಉಬ್ಬಿದ ಹೊಳೆ ಇಂಗ್ಲಿಷ್ ಸೈನ್ಯವನ್ನು ದಿನಗಟ್ಟಲೆ ತಡೆದು ನಿಲ್ಲಿಸಿತು. ಫಿರಂಗಿಗಳಿದ್ದ ದಂಡು ಕೊನೆಗೆ ನೆಚ್ಚಬೇಕಾದದ್ದು ಬಿದಿರು ಹೆಣೆದು ತೊಗಲು ಹೊದಿಸಿದ ಹರಿಗೋಲುಗಳನ್ನು. ಹೊಳೆ ದಾಟಿದ ಕೆಲವೇ ದಿನಗಳಲ್ಲಿ ವೆಲ್ಲೆಸ್ಲಿ ರಾಣೆಬೆನ್ನೂರನ್ನು ಹಿಡಿದ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಧೋಂಡಿಯಾ ಕಾಳಗದಲ್ಲಿ ಮಡಿದ.

೧೮೬೮ರಲ್ಲಿ ಕಲ್ಲು ಇಟ್ಟಿಗೆಗಳ ಸೇತುವೆ ಮುಗಿಯಿತು. ಹದಿನಾಲ್ಕು ಕಮಾನುಗಳ ಆ ಸೇತುವೆಗೆ ಆ ಕಾಲದಲ್ಲಿಯೇ ಸುಮಾರು ೩ ಲಕ್ಷ ರೂಪಾಯಿ ವೆಚ್ಚವಾಗಿತ್ತು. ಬೆಂಗಳೂರಿನಿಂದ ಧಾರವಾಡಕ್ಕೆ ಹೋಗುವ ಹೆದ್ದಾರಿಗೆ ಮಳೆಗಾಲದ ಭಯ ತಪ್ಪಿತು. ಮುಂದೆ ರೈಲಿನ ಸೇತುವೆಯೂ ಬಂತು. ಆದರೂ ಸೇತುವೆ ದಂಡೆಗಳನ್ನು ಕೂಡಿಸಿತೇ ಹೊರತು ಜನರನ್ನು ಪೂರ್ತಿ ಕೂಡಿಸಲಿಲ್ಲ. ಈಚೆ ಮೈಸೂರು ಸಂಸ್ಥಾನ, ಆಚೆ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆ. ಈಚೆಯವರಿಗೆ ಅಮಲ್ದಾರರು, ಆಚೆಯವರಿಗೆ ಮಾಮಲೇದಾರರು. ಹೆಣ್ಣು ಕೊಟ್ಟು ತಂದವರು, ಒಂದೇ ಸಂತೆಯಲ್ಲಿ ಕೊಂಡು ಮಾರಿದವರು, ಒಂದೇ ಹೊಳೆಯಲ್ಲಿ ಮಿಂದವರು, ಕಂದಾಯ ಕಟ್ಟುವಾಗ ಮಾತ್ರ ಎರಡು ನಾಡಿನವರು! ೧೯೫೬ರ ನವೆಂಬರ್ ೧ರಂದು ಆ ಗಡಿ ಅಳಿಯಿತು. ಏಕೀಕರಣವೆಂಬುದು ಬೇರೆಡೆಗಳಲ್ಲಿ ಭಾಷಣದ ಮಾತಾಗಿದ್ದರೆ, ಹರಿಹರದವರ ಪಾಲಿಗೆ ಅದು ದಿನವೂ ನಡೆದಾಡುವ ಸೇತುವೆಯ ಆಚೆ ತುದಿಯೂ ತಮ್ಮದೇ ಆದ ಸಂಗತಿ.

ಕಡೆಯುವ ಕೈಗಳು

ಪೋಲಾಳ್ವನ ಶಿಲ್ಪಿಗಳು ತಿರುಗಣೆಯಲ್ಲಿ ಕಲ್ಲು ಕಡೆದ ಊರಿಗೆ ಏಳು ಶತಮಾನಗಳ ಬಳಿಕ ಕಬ್ಬಿಣ ಕಡೆಯುವ ತಿರುಗಣೆ ಬಂದದ್ದು ಇತಿಹಾಸದ ಒಂದು ಸೋಜಿಗ. ೧೯೪೧ರಲ್ಲಿ ಇಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಸ್ಥಾಪನೆಯಾಗಿ ಲೇತು ಯಂತ್ರಗಳನ್ನು ತಯಾರಿಸತೊಡಗಿತು. ಕಾರ್ಖಾನೆಯ ನೆಲೆಗೆ ಯಂತ್ರಪುರವೆಂದೇ ಹೆಸರಾಯಿತು. ಹರಿಹರದ ಲೇತು ನಾಡಿನ ಅನೇಕ ಕಾರ್ಖಾನೆಗಳನ್ನು ಸೇರಿತು. ಹೊಲದ ಮಕ್ಕಳು ಅಳತೆಯ ಸೂಕ್ಷ್ಮವನ್ನು ಕಲಿತು ಕುಶಲಕರ್ಮಿಗಳಾದರು. ಊರಿನ ಗಡಿಯಾರ ಕಾರ್ಖಾನೆಯ ಪಾಳಿಗಳಿಗೆ ಹೊಂದಿಕೊಂಡಿತು. ಇಪ್ಪತ್ತೊಂದನೆಯ ಶತಮಾನದ ಆರಂಭದಲ್ಲಿ ಆ ಕಾರ್ಖಾನೆ ಮುಚ್ಚಿತು. ಅದನ್ನೇ ನೆಚ್ಚಿದ್ದ ಮನೆಗಳ ಒಲೆಯ ಮೇಲೆ ಅದರ ನೆರಳು ಬಿತ್ತು. ಕಲಿತ ಕೈಗಳು ಬೇರೆ ಊರುಗಳಿಗೆ ಹೋದವು, ಇಲ್ಲವೆ ಸಣ್ಣ ವರ್ಕ್‌ಷಾಪುಗಳಲ್ಲಿ ನೆಲೆ ಕಂಡವು.

ಹೊಳೆಯ ಆಚೆ ದಂಡೆಯ ಕುಮಾರಪಟ್ಟಣದಲ್ಲಿ ೧೯೭೨ರಲ್ಲಿ ಆರಂಭವಾದ ಹರಿಹರ ಪಾಲಿಫೈಬರ್ಸ್ ಕಾರ್ಖಾನೆ, ಮರದ ತಿರುಳಿನಿಂದ ರೇಯಾನ್ ನೂಲಿಗೆ ಬೇಕಾದ ಪಲ್ಪನ್ನು ಮಾಡುತ್ತದೆ. ಅದು ಎರಡೂ ದಂಡೆಯವರಿಗೆ ಕೆಲಸ ಕೊಟ್ಟಿತು. ಅದರೊಡನೆ ಕಹಿಯೂ ಬಂತು. ೧೯೮೦ರ ದಶಕದಲ್ಲಿ ಹೊಳೆಯಲ್ಲಿ ಮೀನುಗಳು ಸತ್ತು ತೇಲಿದವು. ಕೆಳಗಿನ ಹಳ್ಳಿಗಳ ಜನ ನೀರಿನ ಬಣ್ಣಕ್ಕೂ ನಾತಕ್ಕೂ ಕಂಗೆಟ್ಟು ದನಿಯೆತ್ತಿದರು. ಸಮಾಜ ಪರಿವರ್ತನ ಸಮುದಾಯವು ಆ ದನಿಗೆ ಜೊತೆಯಾಯಿತು. ಕಾರ್ಖಾನೆಗೆ ನೀಲಗಿರಿ ಮರ ಬೆಳೆಸಲೆಂದು ೧೯೮೪ರಲ್ಲಿ ಸರಕಾರದ ಪಾಲುಗಾರಿಕೆಯೊಡನೆ ಹುಟ್ಟಿದ ಕರ್ನಾಟಕ ಪಲ್ಪ್‌ವುಡ್ಸ್ ಸಂಸ್ಥೆಗೆ ಹಳ್ಳಿಗಳ ಗೋಮಾಳಗಳನ್ನು ಕೊಟ್ಟಾಗ, ೧೯೮೭ರ ನವೆಂಬರ್ ೧೪ರಂದು ಹಾನಗಲ್ಲು ತಾಲ್ಲೂಕಿನ ಕುಸನೂರಿನಲ್ಲಿ 'ಕಿತ್ತಿಕೊ ಹಚ್ಚಿಕೊ' ಸತ್ಯಾಗ್ರಹ ನಡೆಯಿತು. ಜನರು ನೀಲಗಿರಿ ಸಸಿಗಳನ್ನು ಕಿತ್ತು, ಊರಿಗೆ ಬೇಕಾದ ಗಿಡಗಳನ್ನು ನೆಟ್ಟರು. ೧೯೯೧ರಲ್ಲಿ ಸರಕಾರ ಆ ಸಂಸ್ಥೆಯನ್ನು ಮುಚ್ಚಿತು.

ಇಂದಿನ ಹರಿಹರ

ಬೆಳಗಿನ ಜಾವದ ಹರಿಹರಕ್ಕೆ ಎರಡು ಮುಖ. ಹೊಳೆಯ ಮೆಟ್ಟಿಲುಗಳ ಮೇಲೆ ಮಿಂದು ಮಡಿಯಾಗುವವರು, ಬಟ್ಟೆ ಒಗೆಯುವವರು, ಹರಿಗೋಲಿನಲ್ಲಿ ಬಲೆ ಬೀಸುವವರು. ಇತ್ತ ನಿಲ್ದಾಣದಲ್ಲಿ ದಾವಣಗೆರೆಯ ಕಾಲೇಜಿಗೂ ಕಚೇರಿಗೂ ಧಾವಿಸುವವರ ನೂಕುನುಗ್ಗಲು. ಇಳಿಹೊತ್ತಿಗೆ ಒಲೆಗಳ ಮುಂದೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿಗಳ ಘಮ. ಮಾಘದಲ್ಲಿ ಹರಿಹರೇಶ್ವರನ ತೇರಿಗೆ ಸೇರುವ ಊರೇ ಸೆಪ್ಟೆಂಬರ್ ೮ರಂದು ಆರೋಗ್ಯಮಾತೆಯ ಹಬ್ಬಕ್ಕೂ ನೆರೆಯುತ್ತದೆ. ಹರಕೆ ಹೊತ್ತು ಬರುವ ತಾಯಂದಿರ ಜಾತಿ ಮತಗಳನ್ನು ಅಲ್ಲಿ ಯಾರೂ ಕೇಳುವುದಿಲ್ಲ. ಮುಂಗಾರು ಮಿತಿಮೀರಿದ ವರ್ಷಗಳಲ್ಲಿ ತಗ್ಗಿನ ಗಂಗಾನಗರದವರು ಮನೆಯ ಸಾಮಾನುಗಳನ್ನು ಹೊತ್ತು ಎತ್ತರಕ್ಕೆ ಏರಬೇಕಾಗುತ್ತದೆ. ನೀರಿಳಿದ ಮೇಲೆ ಕೆಸರು ಬಳಿದು ಮತ್ತೆ ಅಲ್ಲಿಯೇ ಒಲೆ ಹೂಡುತ್ತಾರೆ.

ಹರಿಹರಕ್ಕೆ ಮಾತ್ರವಲ್ಲ, ದಾವಣಗೆರೆಯ ನಲ್ಲಿಗಳಿಗೂ ನೀರು ಸಿಗುವುದು ಇದೇ ಹೊಳೆಯಿಂದ, ರಾಜನಹಳ್ಳಿಯ ಜಾಕ್‌ವೆಲ್ಲಿನ ಮೂಲಕ. ಅಂಥ ಹೊಳೆಯ ಹೆಸರು ೨೦೧೮ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಮಲಿನ ನದಿಗಳ ಪಟ್ಟಿಯಲ್ಲಿತ್ತು. ಕೆಟ್ಟುದೆಂದು ಗುರುತಿಸಿದ ಭಾಗ ಮೊದಲಾಗುವುದೇ ಹರಿಹರದಿಂದ. ಇದಕ್ಕೆ ಕಾರ್ಖಾನೆಗಳನ್ನಷ್ಟೇ ದೂರಿ ಕೈತೊಳೆದುಕೊಳ್ಳುವಂತಿಲ್ಲ. ಪಟ್ಟಣಗಳ ಚರಂಡಿಗಳೂ ಹೊಳೆಯ ಕಡೆಗೇ ಹರಿಯುತ್ತವೆ, ದಂಡೆಯ ಮರಳನ್ನು ಬಗೆದೊಯ್ಯುವ ಕೈಗಳೂ ಹೊರಗಿನವಲ್ಲ.

ಗಡಿಯ ಹೊಳೆಗೆ ಒಂದು ಶಾಪವುಂಟು. ಆಚೆಯವರು ಅದನ್ನು ಈಚೆಯವರ ಹೊಣೆಯೆನ್ನುತ್ತಾರೆ. ಈಚೆಯವರು ಆಚೆಗೆ ಬೆರಳು ತೋರುತ್ತಾರೆ. ರಾಜ್ಯಗಳ ಗಡಿ ಅಳಿದರೂ ಹೊಳೆಯ ನಡುವೆ ದಾವಣಗೆರೆ, ಹಾವೇರಿ ಜಿಲ್ಲೆಗಳ ಗೆರೆ ಇನ್ನೂ ಇದೆ. ಅಸುರನಿಗೆ ವರವಾಗಿದ್ದದ್ದೂ ಇದೇ ಅಲ್ಲವೆ? ಹರಿ ಒಬ್ಬನೇ ಬಂದರೆ ಆಗದು, ಹರ ಒಬ್ಬನೇ ಬಂದರೂ ಆಗದು. ಆ ಸಂಕಟಕ್ಕೆ ಪುರಾಣ ಹೇಳಿದ ಪರಿಹಾರವನ್ನು ಶಿಲ್ಪಿ ಈ ಊರಿನ ಗರ್ಭಗುಡಿಯಲ್ಲಿ ನಿಲ್ಲಿಸಿ ಹೋಗಿದ್ದಾನೆ. ಎರಡು ದಂಡೆಯವರೂ ಒಂದಾಗಿ ಕಾಯುವ ದಿನ ಬಂದರೆ, ತುಂಗಭದ್ರೆ ತನ್ನ ಹಳೆಯ ತಿಳಿನೀರಿನಲ್ಲಿ ಮತ್ತೊಮ್ಮೆ ಕೂಡಲೂರಿನ ಮೆಟ್ಟಿಲುಗಳನ್ನು ತೊಳೆದಾಳು.